ಕಾರನ್ನು ಎಬ್ಬಿಸುವ ಪೆಟ್ಟಿಗೆ

ಕಾರು ಕೆಡುವ ಬಗೆಗಳು ಹಲವು. ಚಕ್ರದ ಗಾಳಿ ಹೋದರೆ ಕಣ್ಣಿಗೆ ಕಾಣುತ್ತದೆ. ಎಂಜಿನು ಕಾದರೆ ಹಬೆ ಏಳುತ್ತದೆ. ಬ್ರೇಕು ಸವೆದರೆ ಕಿರುಚಿ ಹೇಳುತ್ತದೆ. ಬ್ಯಾಟರಿ ಮಾತ್ರ ಹಾಗಲ್ಲ. ನಿನ್ನೆ ಸಂಜೆಯವರೆಗೆ ಸುಮ್ಮನೆ ದುಡಿದು, ಇಂದು ಬೆಳಿಗ್ಗೆ ಕೀಲಿಕೈ ತಿರುಗಿಸಿದಾಗ ‘ಟಕ್’ ಎಂದು ಒಂದೇ ಮಾತು ಹೇಳಿ ಬಾಯಿ ಮುಚ್ಚಿಕೊಳ್ಳುತ್ತದೆ. ಮುನಿಸಿಕೊಂಡ ಭಾವನನ್ನಾದರೂ ಮಾತನಾಡಿಸಬಹುದು, ಇದನ್ನು ಮಾತನಾಡಿಸುವಂತಿಲ್ಲ. ಇಂಥ ಮೌನವನ್ನು ಮುರಿಯುವುದಕ್ಕೆಂದೇ ಈಗ ಒಂದು ಸಣ್ಣ ಪೆಟ್ಟಿಗೆ ಬಂದಿದೆ. ಅಂಗಡಿಯವರು ಅದನ್ನು ಜಂಪ್ ಸ್ಟಾರ್ಟರ್ ಎನ್ನುತ್ತಾರೆ. ಬ್ಯಾಟರಿಯ ಎರಡು ಕೊಂಬುಗಳಿಗೆ ಅದರ ಎರಡು ಚಿಮ್ಮಟಗಳನ್ನು ಕಚ್ಚಿಸಿದರೆ, ಬೇರೆ ಕಾರಿನ ಹಂಗಿಲ್ಲದೆ ಎಂಜಿನು ಎದ್ದು ಕೂರುತ್ತದೆ. ಅಂಥದೊಂದನ್ನು ಆರಿಸುವ ಕೆಲಸ ಕಳೆದ ಮಳೆಗಾಲದಲ್ಲಿ ನನ್ನ ಪಾಲಿಗೆ ಬಂತು.

ನಮ್ಮದು ಪಡುಬಿದ್ರಿ. ಮಂಗಳೂರಿನಿಂದ ಉಡುಪಿಗೆ ಹೋಗುವ 66ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ, ಬಲಕ್ಕೆ ಕಾರ್ಕಳದ ರಸ್ತೆ ಕವಲೊಡೆಯುವಲ್ಲಿ ಇರುವ ಊರು. ಒಂದು ಕಡೆ ಸಮುದ್ರ, 2020ರಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ ಪಡೆದ ಕಡಲತೀರ. ಇನ್ನೊಂದು ಕಡೆ ಎಲ್ಲೂರಿನಲ್ಲಿ 1200 ಮೆಗಾವ್ಯಾಟಿನ ಉಷ್ಣವಿದ್ಯುತ್ ಸ್ಥಾವರ. ಇಷ್ಟು ವಿದ್ಯುತ್ತಿನ ನೆರೆಯಲ್ಲಿದ್ದುಕೊಂಡು 12 ವೋಲ್ಟಿಗಾಗಿ ಒದ್ದಾಡುವುದು, ಬಾವಿಯ ಕಟ್ಟೆಯ ಮೇಲೆ ಕುಳಿತು ಬಾಯಾರಿದಂತೆ. ಆದರೆ ಒದ್ದಾಡುತ್ತೇವೆ, ಅದಕ್ಕೆ ಕಾರಣವೂ ನಮ್ಮ ಊರಿನ ಬದುಕಿನಲ್ಲಿಯೇ ಉಂಟು.

ನಮ್ಮ ಓಣಿಯಲ್ಲಿ ಏಳು ಮನೆಗಳು. ನಾಲ್ಕಕ್ಕೆ ವರ್ಷದ ಬಹುಪಾಲು ಬೀಗ. ಮಕ್ಕಳು ಮುಂಬಯಿಯಲ್ಲಿ, ದುಬೈಯಲ್ಲಿ, ಬೆಂಗಳೂರಿನಲ್ಲಿ. ನೇಮ, ಮದುವೆ, ಢಕ್ಕೆಬಲಿ ಎಂದು ಬಂದಾಗ ಓಡಾಡಲು ಬೇಕೆಂದು, ಊರಿನಲ್ಲಿ ಉಳಿದ ಹಿರಿಯರ ಅಡಚಣೆಗೂ ಇರಲೆಂದು, ಶೆಡ್ಡಿನಲ್ಲಿ ಒಂದು ಕಾರು ನಿಲ್ಲಿಸಿ ಹೋಗುತ್ತಾರೆ. ವರ್ಷದಲ್ಲಿ ನಾಲ್ಕೈದು ವಾರ ಓಡುವ ಕಾರು ಅದು. ಉಳಿದ ದಿನವೆಲ್ಲ ಕೋಳಿಗೆ ನೆರಳು.

ನಿಂತ ಕಾರಿಗೆ ಖರ್ಚಿಲ್ಲ ಎಂದು ತಿಳಿಯುವವರು ಬಹಳ. ಈಗಿನ ಕಾರು ನಿದ್ದೆ ಮಾಡುವಾಗಲೂ ಒಂದು ಕಣ್ಣು ತೆರೆದುಕೊಂಡೇ ಇರುತ್ತದೆ. ಕಳ್ಳನ ಕಾವಲು, ಗಡಿಯಾರ, ದೂರದಿಂದ ಬಾಗಿಲು ತೆರೆಯುವ ಕೀಲಿಯ ಸದ್ದಿಗೆ ಕಾಯುವ ಕಿವಿ, ಇವೆಲ್ಲ ಸೇರಿ ಮೂವತ್ತು ಮಿಲಿ ಆಂಪಿಯರಿನಷ್ಟನ್ನು ಸದಾ ಹೀರುತ್ತಿರುತ್ತವೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು. ಕೈ ತುರಿಸಿತು, ಲೆಕ್ಕ ಹಾಕಿದೆ. ದಿನಕ್ಕೆ 0.72 ಆಂಪಿಯರ್-ಗಂಟೆ. ಒಂದು ತಿಂಗಳಿಗೆ 21.6. ಚಿಕ್ಕ ಕಾರಿನ ಬ್ಯಾಟರಿಯ ಒಟ್ಟು ಸಂಗ್ರಹವೇ 35ರಷ್ಟು. ಎಂದರೆ ಒಂದು ತಿಂಗಳು ಸುಮ್ಮನೆ ನಿಂತರೆ ಅರ್ಧಕ್ಕಿಂತ ಹೆಚ್ಚು ಹೋಯಿತು. ತುಂಬಿದ ಬ್ಯಾಟರಿ 12.6 ವೋಲ್ಟು ತೋರಿಸುತ್ತದೆ, 12.2ಕ್ಕೆ ಬಂದರೆ ಅರ್ಧ ಖಾಲಿ, 11.8ರ ಕೆಳಗೆ ಬಂದರೆ ಮುಗಿಯಿತೆಂದೇ ಅರ್ಥ. ಒಂದು ವೋಲ್ಟಿಗಿಂತ ಕಡಿಮೆ ಅಂತರದಲ್ಲಿ ಅದರ ಇಡೀ ಜೀವ! ಅಷ್ಟೇ ಅಲ್ಲ, ಖಾಲಿಯಾಗಿ ಬಹಳ ದಿನ ಇದ್ದರೆ ಒಳಗಿನ ಸೀಸದ ಹಲಗೆಗಳ ಮೇಲೆ ಸೀಸದ ಸಲ್ಫೇಟು ಹರಳುಗಟ್ಟುತ್ತದೆ. ಗಟ್ಟಿಯಾದ ಮೇಲೆ ಅದು ಪೂರ್ತಿ ಕರಗುವುದಿಲ್ಲ.

ನಮ್ಮಲ್ಲಿ ಇದಕ್ಕೆ ಸರಿಯಾಗಿ ಒದಗುವ ತಿಂಗಳೆಂದರೆ ಆಟಿ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ. ಆಟಿಯಲ್ಲಿ ಮದುವೆಯಿಲ್ಲ, ಗೃಹಪ್ರವೇಶವಿಲ್ಲ, ನೇಮವಿಲ್ಲ. ಹಾಲೆ ಮರದ ಕೆತ್ತೆಯ ಕಷಾಯ ಕುಡಿದು ಮಳೆ ನೋಡುತ್ತ ಕೂರುವ ತಿಂಗಳು. ಕಾರು ಹೊರಡುವುದಕ್ಕೆ ಕಾರಣವೇ ಇರುವುದಿಲ್ಲ. ಅತ್ತ ಕಡಲಿನ ಉಪ್ಪುಗಾಳಿ ಬ್ಯಾಟರಿಯ ಕೊಂಬುಗಳ ಮೇಲೆ ಬಿಳಿ-ಹಸುರು ಪುಡಿ ಬೆಳೆಸುತ್ತದೆ. (ಎಷ್ಟೋ ಸಲ ಬ್ಯಾಟರಿಯಲ್ಲಿ ಜೀವವಿರುತ್ತದೆ, ಈ ಪುಡಿಯೇ ಅಡ್ಡ ನಿಂತಿರುತ್ತದೆ. ಬಿಸಿನೀರಿಗೆ ಅಡಿಗೆ ಸೋಡ ಹಾಕಿ ತೊಳೆದು, ಒಣಗಿಸಿ, ವ್ಯಾಸಲಿನ್ ಸವರಿದರೆ ಸಾಕು. ಹೊಸ ಬ್ಯಾಟರಿ ಕೊಳ್ಳುವ ಮೊದಲು ಇದನ್ನು ನೋಡಿಕೊಳ್ಳುವುದು ಲೇಸು.)

ಹಿಂದಿನ ಕಾಲದ ಕಾರುಗಳಿಗೆ ಈ ಚಿಂತೆಯಿರಲಿಲ್ಲ. ಬ್ಯಾಟರಿ ಮುನಿದರೆ ಮೂತಿಯ ತೂತಿನಲ್ಲಿ ಕಬ್ಬಿಣದ ಹ್ಯಾಂಡಲ್ ತೂರಿಸಿ ಹೊಡೆದರಾಯಿತು. ನಾನು ಹುಡುಗನಾಗಿದ್ದಾಗ ಅಂಬಾಸಡರ್ ಕಾರುಗಳಿಗೆ ಹ್ಯಾಂಡಲ್ ಹೊಡೆಯುವುದು ಒಂದು ನೋಟವೇ ಆಗಿತ್ತು. ಹೊಡೆಯುವವನು ಪಂಚೆ ಮೇಲೆ ಕಟ್ಟಿ, ಕಾಲು ಅಗಲಿಸಿ ನಿಂತು, ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕದಲ್ಲಿಯೇ ಇಟ್ಟು ತಿರುಗಿಸಬೇಕು. ಎಂಜಿನು ಹಿಂದಕ್ಕೆ ಒದೆದರೆ ಹೆಬ್ಬೆರಳು ಹೋಯಿತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಎಂಬಾತ ರೂಪಿಸಿದ ವಿದ್ಯುತ್ ಸ್ಟಾರ್ಟರನ್ನು 1912ರ ಕ್ಯಾಡಿಲ್ಯಾಕ್ ಕಾರುಗಳಲ್ಲಿ ಅಳವಡಿಸಿದ ಮೇಲೆ ಲೋಕದಲ್ಲಿ ಎಷ್ಟೋ ತೋಳುಗಳು ಉಳಿದುವು. ಆದರೆ ಅಂದಿನಿಂದಲೇ ಕಾರಿನ ಜೀವ ಬ್ಯಾಟರಿಯ ಕೈಗೆ ಹೋಯಿತು. ಬ್ಯಾಟರಿಯೋ, ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ 1859ರಲ್ಲಿ ಕಂಡುಹಿಡಿದ ಅದೇ ಸೀಸ ಮತ್ತು ಗಂಧಕಾಮ್ಲದ ಜೋಡಿ. ಅಂಬಾಸಡರು ಹುಟ್ಟಿ, ಆಳಿ, 2014ರಲ್ಲಿ ತಯಾರಿಕೆಯೇ ನಿಂತುಹೋಯಿತು. ಸೀಸದ ಬ್ಯಾಟರಿ ಇನ್ನೂ ಕುಳಿತ ಕಡೆಯೇ ಕುಳಿತಿದೆ.

ಹ್ಯಾಂಡಲ್ ಹೋದ ಮೇಲೂ ತಳ್ಳುವ ದಾರಿಯೊಂದಿತ್ತು. ಎರಡನೆಯ ಗೇರಿನಲ್ಲಿಟ್ಟು, ಕ್ಲಚ್ಚು ಒತ್ತಿ, ನಾಲ್ಕು ಹುಡುಗರು ‘ಐಸಾ’ ಎಂದು ನೂಕಿದರೆ ವೇಗ ಬಂದೊಡನೆ ಕ್ಲಚ್ಚು ಬಿಡುವುದು. ಈಗ ಅದಕ್ಕೂ ಎರಡು ವಿಘ್ನ. ಒಂದು, ಓಣಿಯಲ್ಲಿ ಆ ನಾಲ್ಕು ಹುಡುಗರಿಲ್ಲ. ಎರಡು, ಹಲವು ಕಾರುಗಳಿಗೆ ಈಗ ಕ್ಲಚ್ಚೇ ಇಲ್ಲ.

ಆ ರಾತ್ರಿ ನಮಗೆ ಇವೆರಡೂ ಒಟ್ಟಿಗೆ ಎದುರಾದುವು. ಎದುರುಮನೆಯಲ್ಲಿ ಇರುವವರು ಎಪ್ಪತ್ತೆಂಟರ ಒಬ್ಬ ಹಿರಿಯರು. ನಾನು ಅಕ್ಕ ಎನ್ನುತ್ತೇನೆ. ಅವರ ಸಂಗಡ ಕೆಲಸಕ್ಕೆಂದು ಘಟ್ಟದ ಬುಡದಿಂದ ಬಂದ ಒಬ್ಬಳು ಹುಡುಗಿ. ಮಗ ಮುಂಬಯಿಯಲ್ಲಿ, ಒಂದು ಕಾಲದಲ್ಲಿ ನನ್ನ ಶಿಷ್ಯ. ಶೆಡ್ಡಿನಲ್ಲಿ ಅವನು ಕೊಂಡಿಟ್ಟ ಆಟೊಮ್ಯಾಟಿಕ್ ಗೇರಿನ ಕಾರು. ಆಗಸ್ಟಿನ ಮೊದಲ ವಾರ, ರಾತ್ರಿ ಎರಡು ಗಂಟೆ, ಮಳೆಯೆಂದರೆ ಮಳೆ. ಅಕ್ಕನಿಗೆ ಉಬ್ಬಸ ಏರಿ ಮಾತು ನಿಂತಿತು. ಹುಡುಗಿ ಓಡಿಬಂದು ನನ್ನನ್ನು ಎಬ್ಬಿಸಿದಳು. ಕಾರಿನ ಬಾಗಿಲಿನ ಗುಂಡಿ ಒತ್ತಿದರೆ ಬಾಗಿಲು ತೆರೆಯಲಿಲ್ಲ. ದೀಪವಿಲ್ಲ, ‘ಟಕ್’ ಎಂಬ ಸದ್ದೂ ಇಲ್ಲ. ನನ್ನಲ್ಲಿ ಇರುವುದು ಸ್ಕೂಟರು. ಕೂರಲಾರದ ರೋಗಿಯನ್ನು ಅದರಲ್ಲಿ ಒಯ್ಯುವುದು ಹೇಗೆ? ಆಂಬುಲೆನ್ಸಿಗೆ ಕರೆ ಮಾಡಿ, ಹುಡುಗಿಯನ್ನು ಅಕ್ಕನ ಬಳಿ ಬಿಟ್ಟು, ಕೊಡೆ ಹಿಡಿದು ಹೆದ್ದಾರಿಯ ಅಂಚಿಗೆ ಹೋಗಿ ನಿಂತೆ. ಮಲ್ಪೆಯ ಕಡೆಗೆ ಹೋಗುತ್ತಿದ್ದ ಮೀನಿನ ಟೆಂಪೋ ಒಂದು ನಿಂತಿತು. ಯಾಂತ್ರಿಕ ದೋಣಿಗಳಿಗೆ ಜೂನ್ ಒಂದರಿಂದ ಜುಲೈ ಮೂವತ್ತೊಂದರವರೆಗೆ ಕಡಲಿಗಿಳಿಯಲು ನಿಷೇಧ. ನಿಷೇಧ ಮುಗಿದು ಕೆಲವೇ ದಿನಗಳಾಗಿದ್ದುವು. ಅದೇ ರಾತ್ರಿ ಹತ್ತು ದಿನ ಮೊದಲು ಬಂದಿದ್ದರೆ ಆ ಟೆಂಪೋವಿಗೆ ನಮ್ಮ ಊರು ಹಾಯುವ ಕೆಲಸವೇ ಇರಲಿಲ್ಲ. ಇದನ್ನು ನೆನೆದಾಗ ಈಗಲೂ ಮೈ ತಣ್ಣಗಾಗುತ್ತದೆ.

ಚಾಲಕನ ಪಕ್ಕದ ಸೀಟಿನಲ್ಲಿ ಅಕ್ಕನನ್ನು ಕೂರಿಸಿ, ಹುಡುಗಿ ಹಿಡಿದುಕೊಂಡು, ನಾನು ಹಿಂದೆ ಖಾಲಿ ಪೆಟ್ಟಿಗೆಗಳ ನಡುವೆ ಕುಳಿತು ಮಣಿಪಾಲ ಸೇರಿದೆವು. ಐದನೆಯ ದಿನ ಅಕ್ಕ ಮನೆಗೆ ಬಂದರು. ಉಬ್ಬಸದ ವಿಷಯ ಅವರು ಹೆಚ್ಚು ಆಡಲಿಲ್ಲ. ಸೀರೆಗೆ ಹತ್ತಿದ ಬಂಗುಡೆಯ ವಾಸನೆ ಮೂರು ಒಗೆತಕ್ಕೂ ಹೋಗಲಿಲ್ಲವೆಂಬುದನ್ನೇ ಆಡಿದರು. ಮುಂಬಯಿಯಿಂದ ಮಗ ಫೋನು ಮಾಡಿದ. “ಮಾಷ್ಟ್ರೇ, ಇಲ್ಲಿ ಕುಳಿತು ನಾನು ಏನನ್ನೋ ತರಿಸಿದರೆ ಅದು ಅಮ್ಮನ ಕೈಯಲ್ಲಿ ಆಗುತ್ತದೋ ಇಲ್ಲವೋ. ನೀವೇ ನೋಡಿ ಒಂದು ಪೆಟ್ಟಿಗೆ ತೆಗೆದುಕೊಡಿ. ದುಡ್ಡಿನ ಮುಖ ನೋಡಬೇಡಿ.”

ಪರೀಕ್ಷೆಗೆ ಮೊದಲು ಬೇರೆ ಉಪಾಯಗಳನ್ನೂ ಯೋಚಿಸಿದೆ. ಒಂದು ಕಾರಿನಿಂದ ಇನ್ನೊಂದಕ್ಕೆ ಜೋಡಿಸುವ ದಪ್ಪ ತಂತಿ ಅಗ್ಗ, ಎಂದೂ ಕೆಡದು. ಆದರೆ ಆ ಇನ್ನೊಂದು ಕಾರು ಬೀಗ ಹಾಕಿದ ಅಂಗಳದಲ್ಲಿ ಅದೇ ನಿದ್ದೆಯಲ್ಲಿದ್ದರೆ? ಗೋಡೆಯ ಪ್ಲಗ್ಗಿನಿಂದ ಬ್ಯಾಟರಿಗೆ ಸದಾ ಚೂರುಚೂರು ಉಣಿಸುವ ಚಾರ್ಜರು ಇದೆ. ಒಳ್ಳೆಯ ಸಾಧನ. ಆದರೆ ನಮ್ಮ ಕಡೆ ಗುಡುಗಿದರೆ ಮೊದಲು ಮಾಡುವ ಕೆಲಸ ಮನೆಯ ಪ್ಲಗ್ಗುಗಳನ್ನೆಲ್ಲ ಕೀಳುವುದು. ಕಿತ್ತದ್ದನ್ನು ಮತ್ತೆ ಹಾಕುವ ನೆನಪು ಯಾರಿಗುಂಟು? ಹೀಗೆ ತಿರುಗಿ ತಿರುಗಿ ಪೆಟ್ಟಿಗೆಗೇ ಬಂದೆ.

ಉಡುಪಿಯ ಅಂಗಡಿಯಲ್ಲಿ ಸಾಲಾಗಿ ಇಟ್ಟಿದ್ದರು. ಒಂದರ ಮೇಲೆ 1000 ಆಂಪಿಯರ್, ಇನ್ನೊಂದರ ಮೇಲೆ 2000, ಮತ್ತೊಂದರ ಮೇಲೆ 3000. ಊಟದ ಡಬ್ಬಿಯಷ್ಟೂ ಇಲ್ಲ, ಮೂರು ಸಾವಿರ! “ದೊಡ್ಡ ನಂಬ್ರದ್ದೇ ತೆಗೊಳ್ಳಿ ಸರ್” ಎಂದ ಅಂಗಡಿಯ ತರುಣ. ದೊಡ್ಡ ನಂಬ್ರ ಎಂದರೇನು? ಅದಕ್ಕೆ ‘ಪೀಕ್’ ಎಂದು ಹೆಸರು, ಕಣ್ಣೆವೆ ಮುಚ್ಚಿ ತೆರೆಯುವುದರೊಳಗೆ ಚಿಮ್ಮಬಹುದಾದ ಪ್ರವಾಹ. ಅದನ್ನು ಎಲ್ಲರೂ ಒಂದೇ ರೀತಿ ಅಳೆಯಬೇಕೆಂಬ ಕಟ್ಟಳೆಯಿಲ್ಲ. ಎಂಜಿನು ತಿರುಗಲು ಬೇಕಾದದ್ದು ಎರಡು ಮೂರು ಸೆಕೆಂಡು ನಿಲ್ಲುವ ಪ್ರವಾಹ. ಪ್ರಾಮಾಣಿಕರು ಅದನ್ನು ಬೇರೆಯಾಗಿ, ಸ್ಟಾರ್ಟಿಂಗ್ ಅಥವಾ ಕ್ರ್ಯಾಂಕಿಂಗ್ ಎಂದು ಬರೆದಿರುತ್ತಾರೆ. ಅದು ಪೀಕಿನ ಅರ್ಧವೋ, ಅರ್ಧಕ್ಕೂ ಕಡಿಮೆಯೋ ಇರುತ್ತದೆ. ಬರೆಯದೆ ಇದ್ದವರ ಪೆಟ್ಟಿಗೆಯನ್ನು ನಾನು ಮೊದಲೇ ಬದಿಗಿಟ್ಟೆ.

ಎರಡನೆಯ ಬಡಾಯಿ ಮಿಲಿ ಆಂಪಿಯರ್-ಗಂಟೆಯದು. 20,000 ಎಂದು ಬರೆದಿರುತ್ತದೆ. ಬಹುಪಾಲು ಅದು ಒಳಗಿನ ಒಂದೊಂದು ಕೋಶದ 3.7 ವೋಲ್ಟಿನ ಲೆಕ್ಕ. ಗುಣಿಸಿದರೆ 74 ವ್ಯಾಟ್-ಗಂಟೆ. ವ್ಯಾಟ್-ಗಂಟೆಯೇ ನಿಜವಾದ ಸೇರು. ಉಳಿದದ್ದು ಅಳತೆಗೋಲನ್ನು ಬದಲಿಸಿ ಅಕ್ಕಿ ಹೆಚ್ಚಿಸಿದಂತೆ. ಇನ್ನೊಂದು ಲೆಕ್ಕ ಮಾಡಿ ನೋಡಿದಾಗ ನನಗೇ ಆಶ್ಚರ್ಯವಾಯಿತು. ಚಿಕ್ಕ ಪೆಟ್ರೋಲು ಕಾರಿನ ಸ್ಟಾರ್ಟರು 150 ಆಂಪಿಯರು ಎಳೆಯುತ್ತದೆನ್ನೋಣ, 10 ವೋಲ್ಟಿನಲ್ಲಿ, ಮೂರು ಸೆಕೆಂಡು. ಒಟ್ಟು ಖರ್ಚು ಒಂದೂಕಾಲು ವ್ಯಾಟ್-ಗಂಟೆ! 74ರಲ್ಲಿ ಒಂದೂಕಾಲು. ಎಂದರೆ ಬೇಕಾದ ನೀರು ಒಂದು ತಂಬಿಗೆ, ಆದರೆ ಅದನ್ನು ಒಮ್ಮೆಲೇ ಎರಚಬೇಕು. ಕೊಪ್ಪರಿಗೆ ದೊಡ್ಡದಿದ್ದು ಬಾಯಿ ಕಿರಿದಾದರೆ ಪ್ರಯೋಜನವಿಲ್ಲ. ಆದ್ದರಿಂದ ಪೆಟ್ಟಿಗೆಯ ಮೈಗಿಂತ ಅದರ ತಂತಿ ನೋಡಬೇಕು. ತಂತಿ ಗಿಡ್ಡ ಮತ್ತು ದಪ್ಪ ಇರಬೇಕು, ಚಿಮ್ಮಟದ ಹಲ್ಲು ತಾಮ್ರದ್ದಿರಬೇಕು, ಕಬ್ಬಿಣಕ್ಕೆ ತಾಮ್ರದ ಬಣ್ಣ ಬಳಿದದ್ದಲ್ಲ. ಅಯಸ್ಕಾಂತ ಹಿಡಿದರೆ ಗೊತ್ತಾಗುತ್ತದೆ. ಹಿಡಿದೆ. ಒಂದಕ್ಕೆ ಅಂಟಿತು. ತರುಣ ಆಚೆ ನೋಡಿದ. ಡೀಸೆಲ್ ಕಾರಾದರೆ ಇನ್ನೂ ಹೆಚ್ಚು ಬೇಕು. ಅದರ ಎಂಜಿನು ಗಾಳಿಯನ್ನು ಒತ್ತುವುದು ಬಹಳ ಬಿಗಿಯಾಗಿ. ಅಕ್ಕನದು ಪೆಟ್ರೋಲು.

ಇವುಗಳ ವಿಷಯ ಬರೆದವರಲ್ಲಿ ಹೆಚ್ಚಿನವರು ಚಳಿ ದೇಶದವರು. ಹಿಮದಲ್ಲಿ ಹೇಗೆ, ಸೊನ್ನೆಯ ಕೆಳಗೆ ಹೇಗೆ ಎಂಬುದೇ ಅವರ ಚಿಂತೆ. ನಮ್ಮ ಶತ್ರುಗಳು ಸೆಕೆ ಮತ್ತು ಬೂಷ್ಟು. ಏಪ್ರಿಲ್ ತಿಂಗಳಲ್ಲಿ ಬಿಸಿಲಿಗೆ ನಿಂತ ಕಾರಿನೊಳಗೆ ಲಿಥಿಯಮ್ ಪೆಟ್ಟಿಗೆ ಇಡುವುದು ಕೆಂಡದ ಪಕ್ಕ ಪಟಾಕಿ ಇಟ್ಟಂತಲ್ಲದಿದ್ದರೂ, ಅದರ ಆಯುಷ್ಯಕ್ಕೆ ಕೇಡು, ಅಪಾಯವೂ ಇಲ್ಲದಿಲ್ಲ. ಲಿಥಿಯಮ್ ಬ್ಯಾಟರಿಗೆ ಬುನಾದಿ ಹಾಕಿದ ಮೂವರಿಗೆ 2019ರಲ್ಲಿ ನೊಬೆಲ್ ಬಂತು. ಆದರೆ ಅದರಲ್ಲಿಯೂ ಜಾತಿಗಳುಂಟು. ಲಿಥಿಯಮ್ ಐರನ್ ಫಾಸ್ಫೇಟ್ ಎಂಬ ಜಾತಿ ತುಸು ಭಾರ, ತುಸು ದುಬಾರಿ. ಆದರೆ ಬಿಸಿಯನ್ನು ಹೆಚ್ಚು ತಾಳುತ್ತದೆ, ಹೆಚ್ಚು ವರ್ಷ ಬಾಳುತ್ತದೆ. ಸೂಪರ್ ಕೆಪಾಸಿಟರಿನ ಪೆಟ್ಟಿಗೆಯನ್ನೂ ತೋರಿಸಿದರು. ಅದರಲ್ಲಿ ಲಿಥಿಯಮ್ಮೇ ಇಲ್ಲ. ಸೋತ ಬ್ಯಾಟರಿಯಲ್ಲಿ ಉಳಿದ ಹನಿಗಳನ್ನೇ ಕೆಲವು ನಿಮಿಷ ಹೀರಿ ಒಟ್ಟುಮಾಡಿ, ಒಂದೇ ಏಟಿಗೆ ಹಿಂದಕ್ಕೆ ಕೊಡುತ್ತದೆ. ವರ್ಷಗಟ್ಟಲೆ ಕಪಾಟಿನಲ್ಲಿಟ್ಟರೂ ಕೇಳುವವರಿಲ್ಲ. ಬುದ್ಧಿವಂತಿಕೆಯೆಂದರೆ ಇದು ಎನಿಸಿತು, ಮನಸ್ಸು ಅತ್ತ ವಾಲಿತು ಕೂಡ. ಆದರೆ ಆ ರಾತ್ರಿಯ ಬ್ಯಾಟರಿಯಲ್ಲಿ ಹೀರಲು ಹನಿಯೇ ಇರಲಿಲ್ಲ. ಹಾಗಿದ್ದಾಗ ಅದನ್ನು ಬೇರೆ ಕಡೆಯಿಂದ ತುಂಬಿಸಬೇಕು, ಕಾಯಬೇಕು. ಉಬ್ಬಸ ಕಾಯುವುದಿಲ್ಲ. ಬಿಟ್ಟೆ.

ಕೊನೆಗೆ ಎರಡು ಉಳಿದುವು. ಪರಿಚಯದ ಅಂಗಡಿಯಾದ್ದರಿಂದ ಎರಡನ್ನೂ ಮನೆಗೆ ತಂದೆ. ಹಳೆಯ ಬ್ಯಾಟರಿಯನ್ನು ಬೇಕೆಂದೇ ಬದಲಾಯಿಸದೆ ಇಟ್ಟಿದ್ದೆವು. ಸಂಜೆ ಏಳೂವರೆಗೆ ಶೆಡ್ಡಿನ ದೀಪ ಆರಿಸಿ, ನಾನು ಕೈಕಟ್ಟಿ ನಿಂತೆ. ನಾನು ಊರಲ್ಲಿಲ್ಲದ ರಾತ್ರಿ ಅದನ್ನು ಬಳಸಬೇಕಾದವಳು ಆ ಹುಡುಗಿ. ಸ್ಕೂಟರು ಬಿಡುತ್ತಾಳೆ, ಕಾರು ಬಿಡಲು ಕಲಿಯುತ್ತಿದ್ದಾಳೆ. ಅವಳ ಕೈಗೆ ಒಗ್ಗದ ಪೆಟ್ಟಿಗೆ ಎಷ್ಟು ಸಾವಿರ ಆಂಪಿಯರಿನದಾದರೂ ನಮಗೆ ಇಟ್ಟಿಗೆಗೆ ಸಮ.

ದೊಡ್ಡ ನಂಬ್ರದ್ದು ಮೊದಲು. ಚಿಮ್ಮಟದ ಸ್ಪ್ರಿಂಗು ಎಷ್ಟು ಬಿಗಿಯೆಂದರೆ ಎರಡು ಕೈ ಸೇರಿಸಿದರೂ ಅವಳಿಗೆ ಬಾಯಿ ತೆರೆಯಲಿಲ್ಲ. ಗುಂಡಿಗಳು ಮೂರು, ಅವುಗಳ ಹೆಸರು ಕಪ್ಪಿನ ಮೇಲೆ ಬೂದು. “ಇದು ಆಗುದಿಲ್ಲ ಮಾಷ್ಟ್ರೇ” ಎಂದಳು. ಎರಡನೆಯದು ಅದರ ಅರ್ಧ ನಂಬ್ರದ್ದು. ಸ್ಟಾರ್ಟಿಂಗ್ 400 ಎಂದು ಬರೆದಿತ್ತು, ಐರನ್ ಫಾಸ್ಫೇಟ್ ಜಾತಿ. ಇದರಲ್ಲಿ ದೀಪವುಂಟು, ಬ್ಯಾಟರಿಯ ಮುಖಕ್ಕೆ ಬೆಳಕು ಬೀಳುತ್ತದೆ. ಕೆಂಪು ಚಿಮ್ಮಟವನ್ನು ಕೂಡಿಸುವ ಗುರುತಿನ ಕೊಂಬಿಗೆ, ಕಪ್ಪನ್ನು ಅವರ ಪುಸ್ತಕದಲ್ಲಿ ಹೇಳಿದ ಹಾಗೆ. ತಲೆಕೆಳಗಾಗಿ ಹಾಕಿದರೆ ಕಿರುಚಬೇಕು, ಕಿಡಿ ಹಾರಬಾರದು. ಬೇಕೆಂದೇ ತಲೆಕೆಳಗಾಗಿ ಹಾಕಿಸಿದೆ, ಕಿರುಚಿತು. ಸರಿಯಾಗಿ ಹಾಕಿದಾಗ ಹಸಿರು ದೀಪ ಬರಲಿಲ್ಲ. ಬ್ಯಾಟರಿ ಪೂರ್ತಿ ಸತ್ತಿದ್ದರೆ ಪೆಟ್ಟಿಗೆಗೆ ಅದು ಕಾಣುವುದೇ ಇಲ್ಲ. ಆಗ ‘ಬೂಸ್ಟ್’ ಗುಂಡಿ ಒತ್ತಬೇಕು. ಎಚ್ಚರಿಕೆಯ ಮಾತು ಇಲ್ಲಿಯೇ: ಆ ಗುಂಡಿ ಒತ್ತಿದ ಮೇಲೆ ಕಿರುಚುವ ಕಾವಲುಗಾರ ಇರುವುದಿಲ್ಲ, ಕೆಂಪು ಕಪ್ಪು ತಪ್ಪಿದರೆ ತಡೆಯುವವರಿಲ್ಲ. ಅವಳು ಎರಡು ಸಲ ನೋಡಿ ಒತ್ತಿದಳು. ಕಾರು ಎದ್ದಿತು.

ಒಳಗೆ ಜಗಲಿಯಲ್ಲಿ ಕುಳಿತಿದ್ದ ಅಕ್ಕ ಸದ್ದು ಕೇಳಿ, “ಎಂಥ ಮಾಷ್ಟ್ರೇ, ಮೀನಿನ ಟೆಂಪೋ ಬಂತಾ?” ಎಂದು ಕೇಳಿದರು.

ಮೊದಲ ಸಲ ಹಿಡಿದದ್ದು ಒಂಬತ್ತು ನಿಮಿಷ. ಅದರಲ್ಲಿ ಬಾಗಿಲು ತೆರೆಯುವುದಕ್ಕೇ ಐದು. ಬ್ಯಾಟರಿ ಸತ್ತರೆ ದೂರದ ಕೀಲಿ ಕೆಲಸ ಮಾಡದು, ಬಾನೆಟ್ಟಿನ ಹಿಡಿ ಕಾರಿನ ಒಳಗೆ. ಆ ಕೀಲಿಯ ಹೊಟ್ಟೆಯಲ್ಲಿಯೇ ಒಂದು ಸಣ್ಣ ಲೋಹದ ಕೀಲಿ ಅಡಗಿದೆಯೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ನಿಮ್ಮ ಮನೆಯಲ್ಲಿಯೂ ಇದನ್ನು ಒಮ್ಮೆ ತೆಗೆದು ತೋರಿಸಿಡಿ. ಮಾರನೆಯ ಸಂಜೆ ನಾಲ್ಕು ನಿಮಿಷಕ್ಕೆ ಮುಗಿಸಿದಳು. ಚಿಕ್ಕ ನಂಬ್ರದ ಪೆಟ್ಟಿಗೆ ನಿಂತಿತು, ದೊಡ್ಡದು ಉಡುಪಿಗೆ ಹಿಂದಿರುಗಿತು. ಆಮೇಲೆ ಹೊಸ ಬ್ಯಾಟರಿಯನ್ನೂ ಹಾಕಿಸಿದೆವು. ಸಾಯುತ್ತಿರುವ ಬ್ಯಾಟರಿಗೆ ಪೆಟ್ಟಿಗೆ ಔಷಧವಲ್ಲ, ನೀರು ಬಿಡುವುದಷ್ಟೆ. ಪ್ರತಿ ಮಂಗಳವಾರ ಕಾರು ಕಾಪುವಿನ ಮಾರಿಗುಡಿಗೆ ಹೋಗಿಬರುತ್ತದೆ. ಅಕ್ಕನಿಗೆ ದರ್ಶನ, ಹುಡುಗಿಗೆ ಕಲಿಕೆ, ಬ್ಯಾಟರಿಗೆ ಊಟ.

ಉಳಿದದ್ದು ಒಂದು ತೊಡಕು. ಇಂಥ ಪೆಟ್ಟಿಗೆಯನ್ನು ಮೂರು ತಿಂಗಳಿಗೊಮ್ಮೆ ಚಾರ್ಜು ಮಾಡಬೇಕೆಂದು ಪುಸ್ತಕ ಹೇಳುತ್ತದೆ. ಮೂರು ತಿಂಗಳಿಗೊಮ್ಮೆ ಮಾಡುವ ಕೆಲಸವನ್ನು ಮನುಷ್ಯ ನೆನಪಿಟ್ಟುಕೊಳ್ಳುವುದುಂಟೆ? ಬೇಕಾದ ರಾತ್ರಿ ಪೆಟ್ಟಿಗೆಯೇ ಖಾಲಿಯಿದ್ದರೆ ಒಂದರ ಬದಲು ಎರಡು ಹೆಣ. ಮಗ ಮುಂಬಯಿಯಿಂದ ಫೋನಿನಲ್ಲಿ ಗಂಟೆ ಬಾರಿಸುವ ಏರ್ಪಾಡು ಮಾಡುತ್ತೇನೆಂದ. ಪರಿಹಾರ ಹೇಳಿದವರು ಅಕ್ಕ. “ಬಿಸು, ಆಟಿ ಸಂಕ್ರಮಣ, ತುಲಾ ಸಂಕ್ರಮಣ, ಮಕರ ಸಂಕ್ರಮಣ. ಮೂರು ಮೂರು ತಿಂಗಳೇ ಅಲ್ಲವಾ?” ಎಂದರು. ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿ. ಪುಸ್ತಕ ಬರೆದ ಕಂಪೆನಿಯವನಿಗೂ ಇಷ್ಟು ಸರಿಯಾದ ಪಂಚಾಂಗ ಗೊತ್ತಿರಲಾರದು. ತುಳುವರ ತಿಂಗಳು ಸಂಕ್ರಮಣಕ್ಕೇ ಹುಟ್ಟುವುದರಿಂದ ಅಕ್ಕ ಆ ದಿನಗಳನ್ನು ಮರೆಯುವುದು ಎಂದರೆ ಸೂರ್ಯ ಮರೆತಂತೆ. ಪೆಟ್ಟಿಗೆ ಈಗ ಕಾರಿನಲ್ಲಿಲ್ಲ, ದೇವರ ಕೋಣೆಯ ಹೊರಗಿನ ಗೂಡಿನಲ್ಲಿ, ತೇವ ಹೀರುವ ಪುಡಿಯ ಪೊಟ್ಟಣದೊಂದಿಗೆ ಇದೆ. ಆಯುಧಪೂಜೆಯ ದಿನ ಕಾರಿನ ಜೊತೆಗೆ ಅದಕ್ಕೂ ಕುಂಕುಮ ಬಿತ್ತು.

ತುಲಾ ಸಂಕ್ರಮಣದ ಬೆಳಿಗ್ಗೆ ಹುಡುಗಿ ಗೇಟಿನ ಬಳಿಯಿಂದಲೇ ಕೂಗಿ ಹೇಳಿದಳು: “ನಾಲ್ಕು ದೀಪದಲ್ಲಿ ಮೂರು ಉಂಟು ಮಾಷ್ಟ್ರೇ, ಚಾರ್ಜಿಗೆ ಹಾಕಿದ್ದೇನೆ.” ಸಂಜೆ ಹೋಗಿ ನೋಡಿದೆ, ನಾಲ್ಕೂ ಉರಿಯುತ್ತಿದ್ದುವು. ಅಕ್ಕ ತುಳಸಿಕಟ್ಟೆಗೆ ದೀಪವಿಟ್ಟು ಒಳಗೆ ಬಂದು, ವಯರು ಕಿತ್ತು ಸುತ್ತಿಡುತ್ತ, “ಇನ್ನು ಮಕರಕ್ಕೆ” ಎಂದರು.